ಉಪ್ಪು ಒಡೆಯುವ ಕಿಟ್: ಡಬ್ಬಿ ಕೊಳ್ಳಿ, ಒಳಗಿನ ಕನ್ನಡ ಹಾಳೆಯನ್ನು ನಂಬಬೇಡಿ

ಮೊದಲೇ ಹೇಳಿಬಿಡುತ್ತೇನೆ. ಈ ಕಿಟ್ ಕೊಳ್ಳಬಹುದು. ಆದರೆ ಡಬ್ಬಿಯೊಳಗೆ ಮಡಚಿ ಇಟ್ಟಿರುವ ಕನ್ನಡ ಹಾಳೆಯನ್ನು ಮಕ್ಕಳ ಕೈಗೆ ಕೊಡಬೇಡಿ, ಎತ್ತಿಟ್ಟುಬಿಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ಸ್ವಲ್ಪ ಉದ್ದ ಇದೆ, ಪುರುಸೊತ್ತು ಇದ್ದಾಗ ಓದಿ.

ಕಂಪನಿಯ ಹೆಸರು ಬರೆಯುವುದಿಲ್ಲ. ಇದೇ ಥರದ ಡಬ್ಬಿಗಳು ಆನ್‌ಲೈನ್‌ನಲ್ಲಿ ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತವೆ, ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ. ನಾನು ಕೋಲಾರದಲ್ಲಿ ಮನೆಯಲ್ಲೇ ಟ್ಯೂಷನ್ ಹೇಳಿಕೊಡುತ್ತೇನೆ, ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಮಕ್ಕಳಿಗೆ. ಹತ್ತನೇ ತರಗತಿಯ ಲೋಹ, ಅಲೋಹಗಳ ಪಾಠದಲ್ಲಿ ಅಯಾನಿಕ ಸಂಯುಕ್ತಗಳ (ಅಂದರೆ ಉಪ್ಪಿನ ಹಾಗೆ ಪ್ಲಸ್, ಮೈನಸ್ ಚಾರ್ಜ್ ಇರುವ ಕಣಗಳು, ಅಯಾನುಗಳು, ಸೇರಿ ಆದ ವಸ್ತುಗಳ) ಗುಣ ಅಂತ ಬರುತ್ತದಲ್ಲ, ಗಟ್ಟಿಯಾಗಿರುತ್ತವೆ, ಆದರೆ ಒತ್ತಡ ಹಾಕಿದರೆ ಚೂರಾಗುತ್ತವೆ ಅಂತ, ಅದನ್ನು ಮಕ್ಕಳು ಬಾಯಿಪಾಠ ಮಾಡಿ ಬರೆದು ಮಾರ್ಕ್ಸ್ ತಗೊಂಡು ಮರೆತುಬಿಡುತ್ತಾರೆ. ಗಟ್ಟಿ ಇದ್ದರೆ ಯಾಕೆ ಚೂರಾಗಬೇಕು ಅಂತ ಒಬ್ಬರೂ ಕೇಳುವುದಿಲ್ಲ. ಆ ಪ್ರಶ್ನೆ ಅವರ ಬಾಯಿಂದಲೇ ಬರಲಿ ಅಂತ ಈ ಕಿಟ್ ತರಿಸಿದೆ.

ಒಳಗೆ ಏನೇನಿದೆ ಅಂದರೆ, ಉಪ್ಪಿನ ಎರಡು ಗಟ್ಟಿಗಳು, ಕ್ಯಾಲ್ಸೈಟ್‌ನ ಒಂದು ತುಂಡು, ಹೆಬ್ಬೆರಳಿನ ಉಗುರಿನಷ್ಟು ಫ್ಲೋರೈಟ್, ಬಿಳಿ ಕಲ್ಲಿನ ಅಂದರೆ ಕ್ವಾರ್ಟ್ಸ್‌ನ ಒಂದು ಚೂರು, ತಾಮ್ರದ ತಂತಿ, ಅಲ್ಯೂಮಿನಿಯಂ ಪಟ್ಟಿ, ಮೇಣದ ತುಂಡು, ಚಿಕ್ಕ ಸುತ್ತಿಗೆ, ಮೊಂಡು ಉಕ್ಕಿನ ಬ್ಲೇಡು, ಒಂದು ಭೂತಗನ್ನಡಿ, ಕಣ್ಣಿಗೆ ಪ್ಲಾಸ್ಟಿಕ್ ಕನ್ನಡಕ, ಆಮೇಲೆ ಆಯಸ್ಕಾಂತ ಜೋಡಿಸಿದ ಎರಡು ಟ್ರೇ. ಪ್ಯಾಕಿಂಗ್ ಚೆನ್ನಾಗಿತ್ತು. ಕನ್ನಡಕ ಮಾತ್ರ ದಂಡ. ಮಕ್ಕಳ ಮೂಗಿನ ಮೇಲೆ ನಿಲ್ಲುವುದೇ ಇಲ್ಲ, ತಲೆ ಬಗ್ಗಿಸಿದರೆ ಜಾರಿ ಬೀಳುತ್ತದೆ. ಸುತ್ತಿಗೆ ಹಿಡಿದು ಕಲ್ಲು ಒಡೆಯುವ ಕೆಲಸಕ್ಕೆ ಇಂಥ ಕನ್ನಡಕ ಕೊಡುವುದು ತಪ್ಪು. ಹಾರ್ಡ್‌ವೇರ್ ಅಂಗಡಿಯಲ್ಲಿ ಗ್ರೈಂಡಿಂಗ್ ಮಾಡುವವರು ಹಾಕುವ ಬಿಳಿ ಕನ್ನಡಕ ಸಿಗುತ್ತದೆ, ಅದನ್ನು ತಂದುಕೊಳ್ಳಿ.

ಈಗ ಉಪ್ಪಿನ ವಿಷಯ. ಎರಡು ಗಟ್ಟಿಗಳಲ್ಲಿ ಒಂದು ಅಪ್ಪಟ ಹರಳು. ಕೈಯಲ್ಲಿ ಹಿಡಿದರೆ ಆಚೆ ಕಡೆ ಬೆಳಕು ಕಾಣುತ್ತದೆ. ಬ್ಲೇಡನ್ನು ಅದರ ಒಂದು ಮುಖಕ್ಕೆ ಸಮವಾಗಿ ಇಟ್ಟು ಮೇಲಿಂದ ಸುತ್ತಿಗೆಯಲ್ಲಿ ಒಂದು ಸಣ್ಣ ಏಟು ಕೊಟ್ಟರೆ ಸಾಕು, ಟಕ್ ಅಂತ ಎರಡಾಗುತ್ತದೆ. ಒಡೆದ ಜಾಗ ಪಾಲಿಶ್ ಮಾಡಿದ ಗ್ರಾನೈಟ್ ಥರ ನುಣ್ಣಗೆ, ಸಪಾಟು. ಆ ಚೂರನ್ನು ಮತ್ತೆ ಒಡೆದರೂ ಹಾಗೆಯೇ, ಚೌಕ ಚೌಕ. ಸುಮ್ನೆ ಸುತ್ತಿಗೆಯಿಂದ ಜಜ್ಜಿ ಪುಡಿ ಮಾಡಿ ಭೂತಗನ್ನಡಿಯಲ್ಲಿ ನೋಡಿ, ಸಣ್ಣ ಚೂರಿನಲ್ಲೂ ಮೂಲೆಗಳು ಲಂಬಕೋನದಲ್ಲೇ ಇರುತ್ತವೆ. ಮನೆಯ ಕಲ್ಲುಪ್ಪಿನಲ್ಲೂ ಇದು ಕಾಣುತ್ತದೆ, ಆದರೆ ಅಷ್ಟು ಚೊಕ್ಕವಾಗಿ ಅಲ್ಲ.

ಎರಡನೆಯ ಗಟ್ಟಿ ಹರಳೇ ಅಲ್ಲ. ಉಪ್ಪಿನ ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಮಾಡಿದ ಬಿಲ್ಲೆ. ಅದರ ಚೀಟಿಯಲ್ಲೂ ಹರಳು ಅಂತಲೇ ಬರೆದಿದ್ದಾರೆ. ಒಡೆದರೆ ಅಡ್ಡಾದಿಡ್ಡಿಯಾಗಿ, ಸೊಟ್ಟಸೊಟ್ಟಗೆ ಒಡೆಯುತ್ತದೆ. ದುಡ್ಡು ಕೊಟ್ಟವರಿಗೆ ಇದು ಮೋಸವೇ. ಆದರೂ ಪಾಠಕ್ಕೆ ಉಪಯೋಗಕ್ಕೆ ಬಂತು, ಅದನ್ನು ಮುಂದೆ ಹೇಳುತ್ತೇನೆ. ನಿಮಗೆ ನಿಜವಾದ ಹರಳು ಜಾಸ್ತಿ ಬೇಕಿದ್ದರೆ ಗ್ರಂಥಿಗೆ ಅಂಗಡಿಗೆ ಹೋಗಿ ಸೈಂಧವ ಲವಣ ಕೇಳಿ. ಪುಡಿ ಬೇಡ, ಗಟ್ಟಿ ಕೊಡಿ ಅನ್ನಿ. ಅದರಲ್ಲಿ ಆರಿಸಿದರೆ ಒಂದೆರಡು ಒಳ್ಳೆಯ ತುಂಡು ಸಿಕ್ಕೇ ಸಿಗುತ್ತವೆ.

ಕನ್ನಡ ಹಾಳೆ ಇದಕ್ಕೆ ಕೊಡುವ ಕಾರಣ ಹೀಗಿದೆ: ಉಪ್ಪಿನ ಅಯಾನುಗಳ ನಡುವಿನ ಬಂಧ ದುರ್ಬಲವಾದ್ದರಿಂದ ಅದು ಸುಲಭವಾಗಿ ಒಡೆಯುತ್ತದೆ. ಇಂಗ್ಲಿಷ್ ಪುಸ್ತಿಕೆಯಲ್ಲಿ ಹೀಗಿಲ್ಲ, ಅಲ್ಲಿ ಸರಿಯಾಗೇ ಇದೆ. ಯಾರೋ ಅವಸರದಲ್ಲಿ ಕನ್ನಡಕ್ಕೆ ತಂದಿದ್ದಾರೆ, ಇಲ್ಲ ಯಂತ್ರದ ಕೈಗೆ ಕೊಟ್ಟಿದ್ದಾರೆ. ನನಗೆ ಸಿಟ್ಟು ಬಂದದ್ದು ಇಲ್ಲೇ. ಕನ್ನಡ ಮಾಧ್ಯಮದ ಮಗು ಅಂದರೆ ತಪ್ಪು ಓದಿಕೊಂಡರೂ ನಡೆಯುತ್ತೆ ಅಂತಲಾ?

ಬಂಧ ದುರ್ಬಲ ಅನ್ನುವುದು ಎಷ್ಟು ತಪ್ಪು ಅಂತ ಕಿಟ್‌ನಲ್ಲೇ ಇರುವ ಮೇಣದಿಂದ ತೋರಿಸಬಹುದು. ಮೇಣದ ಅಣುಗಳ ನಡುವಿನ ಸೆಳೆತ ನಿಜವಾಗಿಯೂ ದುರ್ಬಲ. ಅದಕ್ಕೇ ಬಿಸಿನೀರಿನಲ್ಲಿಟ್ಟರೆ ಕರಗಿಹೋಗುತ್ತದೆ. ಆದರೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಅದು ಉಪ್ಪಿನ ಥರ ಸಿಡಿಯುವುದಿಲ್ಲ, ತಗ್ಗು ಬೀಳುತ್ತದೆ. ಉಪ್ಪು ನೀರಿಲ್ಲದೆ ಬರೀ ಬಿಸಿಗೆ ಕರಗಬೇಕಾದರೆ 801 ಡಿಗ್ರಿ ಸೆಲ್ಸಿಯಸ್ ಬೇಕು. ಒಂದು ಮೋಲ್ ಉಪ್ಪನ್ನು, ಅಂದರೆ 58.5 ಗ್ರಾಂನಷ್ಟನ್ನು, ಒಂದಕ್ಕೊಂದು ಸಂಬಂಧವೇ ಇಲ್ಲದ ಬಿಡಿ ಅಯಾನುಗಳಾಗಿ ಬೇರೆ ಮಾಡಲು ಸುಮಾರು 787 ಕಿಲೋಜೂಲ್ ಶಕ್ತಿ ಬೇಕು. ಮೆಗ್ನೀಷಿಯಂ ಆಕ್ಸೈಡ್ ಅಂತೂ 2800 ಡಿಗ್ರಿ ದಾಟಿದರೂ ಘನವಾಗಿಯೇ ಇರುತ್ತದೆ, ಕುಲುಮೆಯ ಒಳಗೋಡೆಗೆ ಅದರ ಇಟ್ಟಿಗೆ ಕಟ್ಟುತ್ತಾರೆ. ಅದೂ ಏಟು ಬಿದ್ದರೆ ಒಡೆಯುವಂಥದ್ದೇ. ಬಂಧ ದುರ್ಬಲ ಅನ್ನುವ ಮಾತು ಇಲ್ಲಿ ಎಲ್ಲಿ ನಿಲ್ಲುತ್ತದೆ?

ಅಸಲಿ ಕಾರಣ ತೋರಿಸುವುದು ಆಯಸ್ಕಾಂತದ ಟ್ರೇ. ಈ ಡಬ್ಬಿಯಲ್ಲಿ ದುಡ್ಡಿಗೆ ತಕ್ಕ ಸಾಮಾನು ಅಂದರೆ ಇದೇ. ಎರಡೂ ಟ್ರೇಯಲ್ಲಿ ಚದುರಂಗದ ಹಲಗೆಯ ಕಪ್ಪು ಬಿಳಿ ಮನೆಗಳ ಹಾಗೆ ಆಯಸ್ಕಾಂತಗಳನ್ನು ಒಂದು ಬಿಟ್ಟು ಒಂದು ತಿರುಗಿಸಿ ಕೂರಿಸಿದ್ದಾರೆ. ಒಂದು ಬಣ್ಣ ಸೋಡಿಯಂ ಅಂದರೆ ಪ್ಲಸ್, ಇನ್ನೊಂದು ಬಣ್ಣ ಕ್ಲೋರೈಡ್ ಅಂದರೆ ಮೈನಸ್ ಅಂದುಕೊಳ್ಳಿ. ಒಂದರ ಮೇಲೊಂದು ಸರಿಯಾಗಿ ಇಟ್ಟರೆ ಪ್ರತಿ ಪ್ಲಸ್ ಕೆಳಗೆ ಒಂದು ಮೈನಸ್ ಬರುತ್ತದೆ, ಗಟ್ಟಿಯಾಗಿ ಕಚ್ಚಿಕೊಳ್ಳುತ್ತವೆ. ನಮ್ಮ ಪಿಯುಸಿ ಹುಡುಗರು ಇಬ್ಬರು ಎರಡು ಕಡೆಯಿಂದ ಎಳೆದರೂ ಬಿಡಿಸಲು ಒದ್ದಾಡಿದರು. ಈಗ ಮೇಲಿನ ಟ್ರೇಯನ್ನು ಅಡ್ಡಕ್ಕೆ ಒಂದೇ ಒಂದು ಮನೆ ಜರುಗಿಸಿ. ಪ್ಲಸ್ ಮೇಲೆ ಪ್ಲಸ್, ಮೈನಸ್ ಮೇಲೆ ಮೈನಸ್. ಮೇಲಿನ ಟ್ರೇ ತಾನಾಗೇ ಎಗರುತ್ತದೆ! ಯಾರೂ ಎತ್ತಬೇಕಾಗಿಲ್ಲ. ಮೊದಲ ಸಲ ಎಗರಿದಾಗ ಹಾಲ್‌ನಲ್ಲಿ ಕೂತಿದ್ದ ಮಕ್ಕಳೆಲ್ಲ ಎದ್ದು ನಿಂತರು.

ಉಪ್ಪಿನಲ್ಲಿ ಆ ಒಂದು ಮನೆ ಅಂದರೆ ಸೋಡಿಯಂನಿಂದ ಕ್ಲೋರೈಡ್‌ಗೆ ಇರುವ ದೂರ, 0.28 ನ್ಯಾನೋಮೀಟರ್. ಒಂದು ಮಿಲಿಮೀಟರನ್ನು 35 ಲಕ್ಷ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗ. ಈ ಜೋಡಣೆಯನ್ನು 1913ರಲ್ಲಿ ಎಕ್ಸ್‌ರೇ ಬಿಟ್ಟು ಕಂಡುಹಿಡಿದವರು ಬ್ರ್ಯಾಗ್ ಅಪ್ಪ ಮಗ, 1915ರಲ್ಲಿ ಇಬ್ಬರಿಗೂ ಸೇರಿ ನೊಬೆಲ್ ಬಂತು. ಪ್ರತಿ ಸೋಡಿಯಂ ಸುತ್ತ ಆರು ಕ್ಲೋರೈಡ್, ಪ್ರತಿ ಕ್ಲೋರೈಡ್ ಸುತ್ತ ಆರು ಸೋಡಿಯಂ. ನೆರೆಯವರೆಲ್ಲ ಎದುರು ಪಕ್ಷದವರಾದ್ದರಿಂದಲೇ ಈ ಕಟ್ಟಡ ಇಷ್ಟು ಭದ್ರ, ಅದೇ ಕಾರಣಕ್ಕೇ ಒಂದು ಹೆಜ್ಜೆ ಜರುಗಿದರೂ ಇದಕ್ಕೆ ತಡೆಯುವುದಿಲ್ಲ. ಬಲವೂ ಅದೇ, ದೋಷವೂ ಅದೇ. ತಾಮ್ರದಲ್ಲಿ ಈ ತೊಂದರೆ ಇಲ್ಲ. ಅಲ್ಲಿ ಇರುವ ಅಯಾನುಗಳೆಲ್ಲ ಪ್ಲಸ್, ಅವುಗಳನ್ನು ಹಿಡಿದಿರುವುದು ನಡುವೆ ಓಡಾಡಿಕೊಂಡಿರುವ, ಯಾರೊಬ್ಬರಿಗೂ ಸೇರದ ಎಲೆಕ್ಟ್ರಾನುಗಳು. ಪದರ ಒಂದು ಮನೆ ಜರುಗಿದರೂ ಪರಿಸ್ಥಿತಿ ಮೊದಲಿನ ಹಾಗೇ ಇರುತ್ತದೆ. ಅದಕ್ಕೇ ತಂತಿ ಬಗ್ಗುತ್ತದೆ.

ಹಾಗಂತ ತಂತಿ ಎಷ್ಟು ಬೇಕಾದರೂ ಬಗ್ಗುತ್ತದೆ ಅಂತಲ್ಲ. ಒಂದೇ ಜಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಾ ಹೋದರೆ ಗಡುಸಾಗಿ ಕೊನೆಗೆ ತುಂಡಾಗುತ್ತದೆ. ಕಿಟ್‌ನಲ್ಲಿ ಕೊಟ್ಟಿರುವ ತಂತಿ ತೀರಾ ಚಿಕ್ಕದು, ಮಕ್ಕಳು ಇದನ್ನು ಮಾಡಿಯೇ ಮುಗಿಸಿಬಿಟ್ಟರು. ಎಲೆಕ್ಟ್ರಿಕ್ ಅಂಗಡಿಯಲ್ಲಿ ಒಂದು ಮೀಟರ್ ತಂದಿಟ್ಟುಕೊಳ್ಳಿ.

ಟ್ರೇಯ ಕೊರತೆ ಎರಡು. ಒಂದು, ಆಯಸ್ಕಾಂತಗಳನ್ನು ಅಂಟಿಸಿರುವ ಗಮ್ ಸರಿಯಿಲ್ಲ. ಟ್ರೇ ಎಗರಿ ಬಿದ್ದು ಬಿದ್ದು ಕೆಲವು ಕಿತ್ತು ಬಂದವು, ಮತ್ತೆ ಅಂಟಿಸುವಾಗ ಯಾವುದು ಮೇಲೆ ಯಾವುದು ಕೆಳಗೆ ಅಂತ ತಿರುಗಿಸಿ ತಿರುಗಿಸಿ ನೋಡಬೇಕು. ಚಿಕ್ಕ ಮಕ್ಕಳಿರುವ ಮನೆಯಾದರೆ ಜೋಪಾನ, ಇಂಥ ಆಯಸ್ಕಾಂತ ಒಂದಕ್ಕಿಂತ ಹೆಚ್ಚು ನುಂಗಿದರೆ ಕರುಳಿನೊಳಗೆ ಒಂದನ್ನೊಂದು ಹಿಡಿದುಕೊಂಡು ಪ್ರಾಣಕ್ಕೇ ಅಪಾಯ.

ಎರಡನೆಯ ಕೊರತೆ ಇನ್ನೂ ದೊಡ್ಡದು, ಅದನ್ನು ಕಿಟ್ ಮಾಡಿದವರು ಗಮನಿಸಿಯೇ ಇಲ್ಲ ಅನ್ನಿಸುತ್ತದೆ. ಬಂಗಾರಪೇಟೆಯಿಂದ ಬರುವ ಒಬ್ಬ ಹುಡುಗಿ ಟ್ರೇಯನ್ನು ಅಡ್ಡಕ್ಕೆ ಜರುಗಿಸುವ ಬದಲು ಮೂಲೆಯಿಂದ ಮೂಲೆಗೆ, ಓರೆಯಾಗಿ ಜರುಗಿಸಿದಳು. ಟ್ರೇ ಎಗರಲೇ ಇಲ್ಲ. ನಡುದಾರಿಯಲ್ಲಿ ಹಿಡಿತ ಸಡಿಲವಾಯಿತು, ಅಷ್ಟೇ, ಮುಂದಿನ ಮನೆಗೆ ಹೋಗಿ ಮತ್ತೆ ಕಚ್ಚಿಕೊಂಡಿತು. "ಮಿಸ್, ಹೀಗೆ ಜಾರಿದರೆ ಒಡೆಯಲ್ಲ ಅಲ್ವಾ? ಮತ್ತೆ ಉಪ್ಪು ಯಾಕೆ ಒಡೆಯುತ್ತೆ?" ಅಂದಳು. ಒಂದು ಕಿಟ್‌ನಿಂದ ಇಂಥ ಪ್ರಶ್ನೆ ಹುಟ್ಟಿದರೆ ಕೊಟ್ಟ ದುಡ್ಡು ಬಂದ ಹಾಗೆ. ಆದರೆ ಇದಕ್ಕೆ ಇಂಗ್ಲಿಷ್ ಪುಸ್ತಿಕೆಯಲ್ಲೂ ಉತ್ತರವಿಲ್ಲ, ಹಾಗಾಗಿ ಇಲ್ಲಿ ಬರೆಯುತ್ತೇನೆ, ಕೊಂಡವರಿಗೆ ಉಪಯೋಗಕ್ಕೆ ಬರಲಿ.

ಅವಳು ಹೇಳಿದ್ದು ಸರಿ. ಓರೆ ದಿಕ್ಕಿನಲ್ಲಿ ನೋಡಿದರೆ ಒಂದೇ ಜಾತಿಯ ಅಯಾನುಗಳು ಸಾಲಾಗಿ ನಿಂತಿರುತ್ತವೆ. ಆ ದಿಕ್ಕಿಗೆ ಜಾರಿದರೆ ಪ್ಲಸ್ಸಿಗೆ ಪ್ಲಸ್ ನೇರ ಎದುರಾಗುವುದಿಲ್ಲ. ನಿಜವಾದ ಉಪ್ಪಿನ ಹರಳೂ ಜಾರುವುದಾದರೆ ಆ ದಿಕ್ಕಿನಲ್ಲೇ ಜಾರುತ್ತದೆ. ಜಾರುವ ತಳ ಮಾತ್ರ ಟ್ರೇಯಲ್ಲಿ ಕಾಣುವ ಹಾಗೆ ಚೌಕದ ಮುಖ ಅಲ್ಲ, ಚೌಕವನ್ನು ಕರ್ಣದ ಉದ್ದಕ್ಕೆ ಸೀಳಿದರೆ ಸಿಗುವ ತಳ. ಅಂದರೆ ಒಂಟಿ ಹರಳಿಗೆ ಸ್ವಲ್ಪ ಬಗ್ಗುವ ದಾರಿ ಇದೆ. ಇನ್ನೊಂದು ವಿಷಯ, ಇಡೀ ಪದರ ಟ್ರೇ ಥರ ಒಟ್ಟಿಗೇ ಜಾರುವುದೂ ಇಲ್ಲ. ಹರಳಿನೊಳಗೆ ಅಲ್ಲಲ್ಲಿ ಒಂದು ಸಾಲು ತಪ್ಪಿದ ಜಾಗ ಇರುತ್ತದೆ, ಆ ತಪ್ಪೇ ಒಂದೊಂದು ಸಾಲು ದಾಟುತ್ತಾ ಮುಂದೆ ಹೋಗುತ್ತದೆ. 1934ರಲ್ಲಿ ಟೇಲರ್, ಒರೊವಾನ್, ಪೊಲಾನ್ಯಿ ಅಂತ ಮೂವರು ವಿಜ್ಞಾನಿಗಳು ಬೇರೆ ಬೇರೆಯಾಗಿ ಇದೇ ವಿಚಾರಕ್ಕೆ ಬಂದರು. ಲೋಹ ಇಷ್ಟು ಸಲೀಸಾಗಿ ಬಗ್ಗುವುದು ಇದರಿಂದಲೇ.

ಹಾಗಿದ್ದರೆ ಉಪ್ಪಿಗೆ ಏನು ಕಷ್ಟ? ದಾರಿಗಳು ಸಾಲುವುದಿಲ್ಲ. ಇಲ್ಲೇ ಆ ಒತ್ತಿದ ಬಿಲ್ಲೆ ಉಪಯೋಗಕ್ಕೆ ಬಂದದ್ದು. ಅದರಲ್ಲಿ ಲಕ್ಷಾಂತರ ಸಣ್ಣ ಹರಳುಗಳು ಒಂದೊಂದು ಒಂದೊಂದು ದಿಕ್ಕಿಗೆ ಮುಖ ಮಾಡಿ ಕೂತಿವೆ. ಬಿಲ್ಲೆ ಬಿರುಕು ಬಿಡದೆ ಆಕಾರ ಬದಲಿಸಬೇಕಾದರೆ ಪ್ರತಿ ಹರಳೂ ಪಕ್ಕದವರು ಒತ್ತಿದ ಹಾಗೆಲ್ಲ ಹೊಂದಿಕೊಳ್ಳಬೇಕು. ಅದಕ್ಕೆ ಒಂದಕ್ಕೊಂದು ಸಂಬಂಧವಿಲ್ಲದ ಕನಿಷ್ಠ ಐದು ರೀತಿಯ ಜಾರುವಿಕೆ ಬೇಕು ಅಂತ ಫಾನ್ ಮೀಸೆಸ್ ಅನ್ನುವ ಗಣಿತಜ್ಞ 1928ರಲ್ಲೇ ಲೆಕ್ಕ ಹಾಕಿದ. ತಾಮ್ರಕ್ಕೆ ಐದೂ ಇವೆ. ನಮ್ಮ ಮನೆಯ ಮಾಮೂಲಿ ಉಷ್ಣಾಂಶದಲ್ಲಿ ಉಪ್ಪಿಗೆ ಇರುವುದು ಎರಡೇ. ಉಳಿದ ದಿಕ್ಕುಗಳಲ್ಲಿ ಜಾರಲು ಹೋದರೆ ಟ್ರೇ ಎಗರಿದ ಕಥೆಯೇ. ಚೆನ್ನಾಗಿ ಕಾಯಿಸಿದರೆ ಉಳಿದ ದಾರಿಗಳೂ ತೆರೆದುಕೊಳ್ಳುತ್ತವೆ, ಆಗ ಉಪ್ಪೂ ಮೆತ್ತಗಾಗುತ್ತದೆ.

ಕಾಯಿಸುವುದು ಅಂದೆ, ಒಂದು ಎಚ್ಚರಿಕೆ. ಪುಸ್ತಿಕೆಯಲ್ಲಿ ಚಮಚದಲ್ಲಿ ಉಪ್ಪಿನ ಚೂರು ಇಟ್ಟು ಕಾಯಿಸಿ ನೋಡಿ ಅಂತ ಒಂದು ಪ್ರಯೋಗ ಇದೆ. ಕಲ್ಲುಪ್ಪನ್ನು ಬಾಣಲೆಯಲ್ಲಿ ಹುರಿದವರಿಗೆ ಗೊತ್ತು, ಚಟಪಟ ಸಿಡಿಯುತ್ತದೆ. ಹರಳಿನೊಳಗೆ ಸಿಕ್ಕಿಕೊಂಡ ನೀರು ಆವಿಯಾಗಿ ಒಳಗಿಂದ ಒಡೆಯುವುದು ಅದು. ಪುಸ್ತಿಕೆಯಲ್ಲಿ ಈ ಬಗ್ಗೆ ಒಂದು ಸಾಲೂ ಇಲ್ಲ. ಮಕ್ಕಳ ಕೈಯಲ್ಲಿ ಮಾಡಿಸಬೇಡಿ.

ಈಗ ಈ ಕಿಟ್‌ನಲ್ಲಿ ಹೇಳಿಲ್ಲದ, ಆದರೆ ಇದೇ ಸಾಮಾನಿನಿಂದ ಮಾಡಬಹುದಾದ ಒಂದು ಪ್ರಯೋಗ ಹೇಳುತ್ತೇನೆ. ನನ್ನ ಪ್ರಕಾರ ಕಿಟ್ ಕೊಳ್ಳಲು ಇದೊಂದೇ ಸಾಕು. ಒಳ್ಳೆಯ ಹರಳಿನಿಂದ ಬ್ಲೇಡ್ ಇಟ್ಟು ತೆಳ್ಳಗೆ, ಕಡ್ಡಿ ಥರ ಒಂದು ಸೀಳು ತೆಗೆಯಿರಿ. ಒಣ ಕಡ್ಡಿಯನ್ನು ಬಗ್ಗಿಸಲು ನೋಡಿದರೆ ಮುರಿಯುತ್ತದೆ. ಇನ್ನೊಂದು ಕಡ್ಡಿಯನ್ನು ಕೈ ತಡೆಯುವಷ್ಟು ಬಿಸಿ ಇರುವ ನೀರಿನಲ್ಲಿ ಮುಳುಗಿಸಿ, ನೀರಿನೊಳಗೇ ಎರಡು ತುದಿ ಹಿಡಿದು ಅವಸರವಿಲ್ಲದೆ ಮೆಲ್ಲಗೆ ಒತ್ತಿ. ಬಗ್ಗುತ್ತದೆ! ಉಪ್ಪು, ಕಣ್ಣೆದುರೇ, ಬಿಲ್ಲಿನ ಹಾಗೆ. ಮೊದಲೆರಡು ಕಡ್ಡಿ ಮುರಿದರೂ ಬಿಡಬೇಡಿ, ಕೈ ಹದ ಬರಬೇಕು, ಕಡ್ಡಿ ತೆಳ್ಳಗಿರಬೇಕು, ಜಾಸ್ತಿ ಹೊತ್ತು ಬಿಟ್ಟರೆ ಕರಗಿಯೇ ಹೋಗುತ್ತದೆ.

ಇದನ್ನು 1924ರಲ್ಲಿ ತೋರಿಸಿದವನು ಅಬ್ರಾಂ ಯೋಫೆ ಅನ್ನುವ ರಷ್ಯಾದ ಭೌತವಿಜ್ಞಾನಿ, ಎಕ್ಸ್‌ರೇ ಕಂಡುಹಿಡಿದ ರಾಂಟ್ಜನ್‌ನ ಶಿಷ್ಯ. ನೀರು ಹೊರಮೈಯನ್ನು ಸ್ವಲ್ಪ ಸ್ವಲ್ಪವಾಗಿ ಕರಗಿಸುತ್ತದೆ, ಅದರ ಜೊತೆ ಕಣ್ಣಿಗೆ ಕಾಣದ ಸಣ್ಣ ಬಿರುಕುಗಳೂ ಕರಗಿಹೋಗುತ್ತವೆ. ಒಡೆಯುವುದು ಶುರುವಾಗುವುದೇ ಆ ಬಿರುಕುಗಳಿಂದ. ಬಿರುಕಿನ ತುದಿ ಚೂಪಾಗಿರುತ್ತದೆ, ನಾವು ಹಾಕಿದ ಬಲವೆಲ್ಲ ಅಲ್ಲೇ ಹೋಗಿ ಗುಡ್ಡೆ ಬೀಳುತ್ತದೆ. ಇದನ್ನು ಗಾಜಿನ ಮೇಲೆ ಲೆಕ್ಕ ಮಾಡಿ 1921ರಲ್ಲೇ ಹೇಳಿದವನು ಗ್ರಿಫಿತ್ ಅನ್ನುವ ಇಂಗ್ಲಿಷ್ ಎಂಜಿನಿಯರ್. ತಾಮ್ರದಲ್ಲಿ ಬಿರುಕಿನ ತುದಿಯ ಸುತ್ತ ಲೋಹ ಜಾರಿ ಜಾರಿ ತುದಿಯನ್ನೇ ಮೊಂಡು ಮಾಡುತ್ತದೆ. ಉಪ್ಪಿನಲ್ಲಿ ಜಾರುವ ದಾರಿ ಕಡಿಮೆ, ಹಾಗಾಗಿ ತುದಿ ಚೂಪಾಗೇ ಉಳಿದು ಮುಂದೆ ಸೀಳಿಕೊಂಡು ಹೋಗುತ್ತದೆ. ಬಿರುಕೇ ಇಲ್ಲದಿದ್ದರೆ ಆ ಎರಡು ದಾರಿಗಳಲ್ಲೇ ಜಾರಿಕೊಂಡು ಬಗ್ಗಲು ಹರಳಿಗೆ ಸಮಯ ಸಿಗುತ್ತದೆ. ಬಗ್ಗಿದ ಕಡ್ಡಿಯನ್ನು ಒಣಗಿಸಿ ಎತ್ತಿಟ್ಟಿದ್ದೆವು, ಮಾರನೆಯ ದಿನ ಒಬ್ಬ ಹುಡುಗ ಒತ್ತಿ ನೋಡಿದ, ಟಕ್.

ಉಪ್ಪು ಬಗ್ಗುವುದು ಬರೀ ಲೋಟದೊಳಗಿನ ಆಟ ಅಂದುಕೊಳ್ಳಬೇಡಿ. ಇರಾನಿನ ಝಾಗ್ರೋಸ್ ಬೆಟ್ಟಗಳಲ್ಲಿ ನೆಲದಡಿಯ ಉಪ್ಪು ಮೇಲಕ್ಕೆ ಉಕ್ಕಿ ಬಂದು ಇಳಿಜಾರಿನಲ್ಲಿ ಹಿಮನದಿಯಂತೆ ಮೆಲ್ಲಗೆ ಹರಿಯುತ್ತದೆ. ತೇವ, ಭಾರ, ಸಾವಿರಾರು ವರ್ಷದ ಸಮಯ ಕೊಟ್ಟರೆ ಈ ಪೆಡಸು ವಸ್ತುವೂ ಹರಿಯುತ್ತದೆ. ಸುತ್ತಿಗೆ ಅಷ್ಟು ಸಮಯ ಕೊಡುವುದಿಲ್ಲ, ಅಷ್ಟೇ.

ಉಳಿದ ಕಲ್ಲುಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಕ್ಯಾಲ್ಸೈಟ್ ತುಂಡು ಬಹಳ ಚೆನ್ನಾಗಿದೆ. ಒಡೆದರೆ ಓರೆಯಾದ ಪೆಟ್ಟಿಗೆಯ ಆಕಾರ, ಅದರ ಮೂಲಕ ಅಕ್ಷರ ನೋಡಿದರೆ ಎರಡೆರಡು ಕಾಣುತ್ತವೆ. ಮಕ್ಕಳು ಪಾಠ ಬಿಟ್ಟು ಅದನ್ನೇ ನೋಡುತ್ತಾ ಕೂತರು. ಇದು ಕ್ಯಾಲ್ಸಿಯಂ ಕಾರ್ಬೊನೇಟ್. ಕೋಲಾರದವರಿಗೆ ಇದರ ಪರಿಚಯ ಬೇರೆ ರೀತಿ ಇದೆ, ಬೋರ್‌ವೆಲ್ ನೀರು ಕಾಯಿಸುವ ಕಾಯಿಲ್ ಮೇಲೆ ಬಿಳಿಯಾಗಿ ಕಟ್ಟಿಕೊಳ್ಳುವ ಪದರದಲ್ಲಿ ಹೆಚ್ಚಿನ ಪಾಲು ಇದೇ. ಕಾಯಿಲ್ ಬಗ್ಗಿಸಿದರೆ ಲೋಹ ಬಗ್ಗುತ್ತದೆ, ಪದರ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಹಳೆಯ ಕಾಯಿಲ್ ಇದ್ದರೆ ಪ್ಲಗ್ ತೆಗೆದು ತೋರಿಸಿ, ಲೋಹ ಮತ್ತು ಅಯಾನಿಕ ಘನ ಎರಡೂ ಒಂದೇ ಕಡೆ ಸಿಗುತ್ತವೆ, ಯಾವ ಕಿಟ್ಟೂ ಬೇಡ.

ಫ್ಲೋರೈಟ್ ತೀರಾ ಚಿಕ್ಕದು ಕೊಟ್ಟಿದ್ದಾರೆ, ಒಡೆಯಲು ಮನಸ್ಸೇ ಬರುವುದಿಲ್ಲ. ನಾವು ಒಂದು ಮೂಲೆ ಮಾತ್ರ ಎಬ್ಬಿಸಿ ನೋಡಿದೆವು. ಇದು ಕ್ಯಾಲ್ಸಿಯಂ ಫ್ಲೋರೈಡ್, ಉಪ್ಪಿನಂತೆ ಚೌಕವಾಗಿ ಒಡೆಯುವುದಿಲ್ಲ, ಮೂಲೆ ಕತ್ತರಿಸಿದ ಹಾಗೆ ತ್ರಿಕೋನದ ಮುಖ ಬರುತ್ತದೆ. ಯಾಕೆಂದರೆ ಇದರೊಳಗೆ ಫ್ಲೋರೈಡ್‌ನ ಎರಡು ಪದರಗಳು ಎದುರು ಬದುರಾಗಿ ನಿಂತಿರುವ ಜಾಗ ಇದೆ, ಮೈನಸ್ಸಿಗೆ ಮೈನಸ್ ಮುಖಾಮುಖಿ, ಸೀಳು ಅಲ್ಲೇ ಹೋಗುತ್ತದೆ. ಫ್ಲೋರೈಡ್ ಅಂದ ತಕ್ಷಣ ಮಕ್ಕಳು ನೀರಿನ ಮಾತು ತೆಗೆದರು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವ ಊರುಗಳು ಎಷ್ಟೋ ಇವೆ, ಹಲ್ಲು ಕಂದಾಗಿರುವ ಮಕ್ಕಳು ಪ್ರತಿ ತರಗತಿಯಲ್ಲೂ ಸಿಗುತ್ತಾರೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅಂತ ನಮ್ಮ ದೇಶದ ಮಾನದಂಡ. ಗ್ರಾನೈಟ್‌ನಲ್ಲಿರುವ ಫ್ಲೋರೈಟ್‌ನಂಥ ಖನಿಜಗಳಿಂದಲೇ ಅದು ನೀರಿಗೆ ಇಳಿಯುವುದು. ಕಿಟ್ ಮಾಡಿದವರಿಗೆ ಇದು ಬೇಕಾಗಿಲ್ಲ, ನಮಗೆ ಬೇಕು.

ಕ್ವಾರ್ಟ್ಸ್ ಚೂರನ್ನು ಕನ್ನಡ ಹಾಳೆಯಲ್ಲಿ ಅಯಾನಿಕ ಘನಗಳ ಸಾಲಿನಲ್ಲೇ ಸೇರಿಸಿದ್ದಾರೆ. ಇದು ಹಾಳೆಯ ಎರಡನೆಯ ತಪ್ಪು. ಕ್ವಾರ್ಟ್ಸ್‌ನಲ್ಲಿ ಸಿಲಿಕಾನ್ ಮತ್ತು ಆಮ್ಲಜನಕ ಎಲೆಕ್ಟ್ರಾನು ಹಂಚಿಕೊಂಡು ಎಲ್ಲ ದಿಕ್ಕಿಗೂ ಬಲೆ ಹೆಣೆದಿವೆ. ಅದೂ ಪೆಡಸೇ, ಆದರೆ ಒಡೆಯುವ ರೀತಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ, ನುಣ್ಣನೆಯ ಚೌಕ ಮುಖ ಬರುವುದಿಲ್ಲ, ಒಡೆದ ಗಾಜಿನ ಅಂಚಿನ ಹಾಗೆ ಬಾಗಿದ ಮುಖ ಬರುತ್ತದೆ. ಚೂರು ಬಹಳ ಹರಿತ, ಕೈ ಜೋಪಾನ. ಒಡೆಯುವ ಘನವೆಲ್ಲ ಅಯಾನಿಕ ಅಲ್ಲ ಅಂತ ಹೇಳಲು ಈ ಚೂರು ಇಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಅಯಾನಿಕವೆಲ್ಲ ಒಡೆಯುತ್ತದೆ ಅನ್ನುವುದೂ ಪೂರ್ತಿ ನಿಜವಲ್ಲ. ಸಿಲ್ವರ್ ಕ್ಲೋರೈಡನ್ನು ಚಾಕುವಿನಿಂದ ಕೊಯ್ಯಬಹುದು, ಉರುಳೆಗೆ ಕೊಟ್ಟು ಹಾಳೆ ಮಾಡಬಹುದು. ಬೆಳ್ಳಿಯ ಅಯಾನು ಕ್ಲೋರೈಡ್ ಜೊತೆ ಎಲೆಕ್ಟ್ರಾನನ್ನು ಸ್ವಲ್ಪ ಹಂಚಿಕೊಳ್ಳುತ್ತದೆ, ಜಾರುವ ದಾರಿಗಳೂ ಜಾಸ್ತಿ.

ಕ್ವಾರ್ಟ್ಸ್ ನಮ್ಮ ಜಿಲ್ಲೆಯ ಕಲ್ಲು, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ. ಕೆಜಿಎಫ್‌ನ ಚಿನ್ನ ಇದ್ದದ್ದೇ ಕ್ವಾರ್ಟ್ಸ್‌ನ ಎಳೆಗಳೊಳಗೆ. ಜಾನ್ ಟೇಲರ್ ಕಂಪನಿ 1880ರಲ್ಲಿ ಬಂದು ಗಣಿ ನಡೆಸಿತು, 1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ಬಂತು, ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿಯಿತು, 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಮಿಲ್‌ನಲ್ಲಿ ಅದಿರನ್ನು ಕುಟ್ಟುವಾಗ ಕ್ವಾರ್ಟ್ಸ್ ಹಿಟ್ಟಾಗುತ್ತದೆ. ಚಿನ್ನ ಹಿಟ್ಟಾಗುವುದಿಲ್ಲ, ಚಪ್ಪಟೆಯಾಗುತ್ತದೆ. ಒಂದೇ ಏಟು, ಒಂದೇ ಕಲ್ಲು, ಎರಡು ಥರದ ಬಂಧ. ಒಂದು ಗ್ರಾಂ ಚಿನ್ನದಲ್ಲಿ ಸುಮಾರು ಎರಡು ಕಿಲೋಮೀಟರ್ ತಂತಿ ಎಳೆಯಬಹುದು ಅಂತ ಮಕ್ಕಳ ಪಾಠದಲ್ಲೇ ಇದೆ. ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಆ ಕಲ್ಲಿನ ಹಿಟ್ಟೇ ಈಗ ರಾಬರ್ಟ್‌ಸನ್‌ಪೇಟೆ ಕಡೆ ಸೈನೈಡ್ ದಿಬ್ಬಗಳಾಗಿ ಬಿದ್ದಿದೆ. ನಮ್ಮ ಟ್ಯೂಷನ್ನಿನ ಒಬ್ಬ ಹುಡುಗನ ತಾತ ಮಿಲ್‌ನಲ್ಲಿದ್ದವರು. ಹುಡುಗ ಮನೆಗೆ ಹೋಗಿ ಕೇಳಿಕೊಂಡು ಬಂದು, "ತಾತ ಹೇಳಿದ್ರು ಮಿಸ್, ಕಲ್ಲು ಪುಡಿ ಆಗೋದು, ಬಂಗಾರ ಪುಡಿ ಆಗ್ತಿರಲಿಲ್ಲ ಅಂತ" ಅಂದ. ಬೆಂಗಳೂರಿನಲ್ಲೋ ದೆಹಲಿಯಲ್ಲೋ ಕೂತು ಕಿಟ್ ಮಾಡಿದವರಿಗೆ ಇದು ಹೊಳೆಯಲಿಕ್ಕಿಲ್ಲ, ಸರಿ. ಇಲ್ಲಿನ ಮೇಷ್ಟ್ರುಗಳು ಕಿಟ್ ತರಿಸಿದರೆ ಈ ಮಾತು ಸೇರಿಸಿಕೊಳ್ಳಿ.

ಬೆಲೆ ಸಾವಿರದ ಆಸುಪಾಸು. ಒಂದು ಮನೆಗೆ, ಒಂದು ಮಗುವಿಗೆ ಅಂತ ನೋಡಿದರೆ ಜಾಸ್ತಿಯೇ. ಟ್ಯೂಷನ್‌ಗೋ ಶಾಲೆಗೋ ಆದರೆ ಪರವಾಗಿಲ್ಲ, ಟ್ರೇ ಮತ್ತು ಕ್ಯಾಲ್ಸೈಟ್ ವರ್ಷಗಟ್ಟಲೆ ಉಳಿಯುತ್ತವೆ, ಉಪ್ಪು ಮಾತ್ರ ತುಂಬಿಸಿಕೊಳ್ಳುತ್ತಿರಬೇಕು. ಮಾರಿದವರಿಗೆ ಮೆಸೇಜ್ ಹಾಕಿದ್ದೆ, ಕಿತ್ತುಬಂದ ಆಯಸ್ಕಾಂತಗಳ ಬಗ್ಗೆ, ಬಿಲ್ಲೆಯ ಬಗ್ಗೆ, ಕನ್ನಡ ಹಾಳೆಯ ಬಗ್ಗೆ. ಆಯಸ್ಕಾಂತ ಬೇರೆ ಕಳಿಸಿದರು, ತಕರಾರಿಲ್ಲದೆ. ಬಿಲ್ಲೆಗೆ ಬದಲು ಹರಳು ಕಳಿಸುತ್ತೇವೆ ಅಂದರು, ಇನ್ನೂ ಬಂದಿಲ್ಲ. ಹಾಳೆಯ ಬಗ್ಗೆ ಉತ್ತರವೇ ಇಲ್ಲ. ಸರಿಪಡಿಸಿದ ಒಂದು ಪುಟವನ್ನು ನಾನೇ ಬರೆದು ಕಳಿಸಿದ್ದೇನೆ, ಪುಕ್ಕಟೆ ಹಾಕಿಕೊಳ್ಳಿ ಅಂತ.

ಐದಕ್ಕೆ ಮೂರೂವರೆ ಸ್ಟಾರ್. ಹಾಳೆ ಬದಲಿಸಿದರೆ ನಾಲ್ಕೂವರೆ ಕೊಡುತ್ತೇನೆ, ಕನ್ನಡಕಕ್ಕೆ ಅರ್ಧ ಯಾವತ್ತೂ ಕಟ್. ಮಳೆಗಾಲದಲ್ಲಿ ತರಿಸುವವರು ಹರಳನ್ನು ಅಕ್ಕಿ ಹಾಕಿದ ಡಬ್ಬಿಯಲ್ಲಿ ಮುಚ್ಚಿಡಿ. ತೆರೆದಿಟ್ಟರೆ ಬೆವರಿ ಮುಖಗಳೆಲ್ಲ ಮಂಕಾಗುತ್ತವೆ, ಸೀಳು ಎಲ್ಲಿ ಹೋಗುತ್ತದೆ ಅಂತ ಕಾಣುವುದಿಲ್ಲ.